ಮನೆಯವರಿಗೆ ಆಟವಿಲ್ಲ

ಗಿರಾಕಿಯಿಲ್ಲದ ಟೇಬಲ್ಲಿನ ಹಿಂದೆ ನಿಲ್ಲುವುದಕ್ಕಿಂತ ಹತ್ತಿ ಬಿಡಿಸುವುದೇ ವಾಸಿ ಎಂದು ಒಂದು ಸಲ ದೊಡ್ಡಮ್ಮನ ಎದುರು ಅಂದುಬಿಟ್ಟೆ. ಲುವೀನಿಯಾ ದೊಡ್ಡಮ್ಮ ನನ್ನ ತಾಯಿಯ ಅಕ್ಕ, ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು, ಚಿಕ್ಕಂದಿನಿಂದ ಈ ಮಿಸಿಸಿಪ್ಪಿಯ ಬಯಲಿನಲ್ಲಿ ಬೆರಳು ಸೀಳುವ ತನಕ ಹತ್ತಿ ಬಿಡಿಸಿದವಳು. ಕೈಯಲ್ಲಿದ್ದ ಸೌಟನ್ನು ನನ್ನತ್ತ ತಿರುಗಿಸಿ, "ಬಾಯ್ಮುಚ್ಚು ವರ್ಲೀನ್. ತಣ್ಣಗೆ ಎಸಿ ಕೆಳಗೆ ನಿಂತು ಸಂಬಳ ತರೋಳಿಗೆ ಹತ್ತಿ ವಿಚಾರ ಯಾಕೆ?" ಎಂದಳು. ಬೈಸಿಕೊಂಡದ್ದು ಸರಿಯೇ. ಆದರೆ ನಾನು ಹೇಳಿದ್ದೂ ಸುಳ್ಳಲ್ಲ.

ಖಾಲಿ ಜೂಜಿನ ಟೇಬಲ್ಲಿನಲ್ಲಿ ಎಲೆ ಹಂಚುವ ಡೀಲರ್ ಕೂರುವಂತಿಲ್ಲ, ಒರಗುವಂತಿಲ್ಲ, ಪಕ್ಕದ ಟೇಬಲ್ಲಿನವಳ ಜೊತೆ ಹರಟುವಂತಿಲ್ಲ. ಇಸ್ಪೀಟ್ ಎಲೆಗಳನ್ನು ಹಸಿರು ಬಟ್ಟೆಯ ಮೇಲೆ ಕಮಾನಿನ ಹಾಗೆ ಹರಡಬೇಕು. ಎರಡು ಕೈಗಳೂ ಮೇಲಿನ ಕ್ಯಾಮೆರಾಕ್ಕೆ ಕಾಣುವಂತೆ ಇಡಬೇಕು. ಇನ್ನೇನು ಯಾರೋ ಬಂದೇಬಿಡುತ್ತಾರೆ ಎಂಬ ಮುಖ ಮಾಡಿಕೊಂಡು ಗಂಟೆಗಟ್ಟಲೆ ನಿಂತಿರಬೇಕು. ಕೊನೆಕೊನೆಗೆ ಸಿಲ್ವರ್ ಹೆರಾನ್ ಕ್ಯಾಸಿನೊದಲ್ಲಿ ನಮ್ಮ ಕೆಲಸವೆಂದರೆ ಆ ಮುಖ ಮಾಡುವುದೊಂದೇ ಆಗಿತ್ತು. ಸೊಂಟ ಬಿದ್ದುಹೋಗುತ್ತಿತ್ತು, ಮುಖ ಮಾತ್ರ ನಗುತ್ತಿತ್ತು.

ಹಿಂದೆ ಹೀಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೆಂಫಿಸ್ ನಗರದಿಂದ ಅರವತ್ತೊಂದನೇ ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನಂತೆ ಬರುತ್ತಿದ್ದವು. ಒಂದು ಕುರ್ಚಿಗೆ ಹಿಂದೆ ಮೂರು ಜನ ನಿಂತು ಕಾಯುತ್ತಿದ್ದರು. ಜೂಜು ನೆಲದ ಮೇಲೆ ಆಡಿದರೆ ಪಾಪ, ನೀರಿನ ಮೇಲೆ ಆಡಿದರೆ ಅಷ್ಟೇನೂ ಅಲ್ಲ ಎಂದು ನಮ್ಮ ರಾಜ್ಯದ ದೊಡ್ಡವರು ಕಾನೂನು ಮಾಡಿದ್ದರು. ಅದಕ್ಕೆ ಕಂಪನಿಗಳು ಹತ್ತಿ ಹೊಲದಲ್ಲಿ ಹೊಂಡ ತೋಡಿ, ನದಿಯ ನೀರು ಬಿಟ್ಟು, ಅದರ ಮೇಲೆ ಕಟ್ಟಡ ತೇಲಿಸಿದವು. ನಗು ಬರುತ್ತದೆ, ಆದರೆ ಆ ಹೊಂಡದ ಮೇಲಿನ ದುಡ್ಡಿನಿಂದಲೇ ನಮ್ಮ ಕೌಂಟಿಯ ಕರಿಯರ ಮನೆಗಳಿಗೆ ಮೊದಲ ಸಲ ನಲ್ಲಿ ಬಂತು. ಅಲ್ಲಿಯ ತನಕ ನಾವಿದ್ದ ಗುಡಿಸಿಲ ಹಿಂದೆ ತೆರೆದ ಚರಂಡಿ ಹರಿಯುತ್ತಿತ್ತು. ಡೀಲರ್ ಕೆಲಸದಿಂದ ನಾನು ಇಟ್ಟಿಗೆಯ ಮನೆ ಕಟ್ಟಿಸಿ ದೊಡ್ಡಮ್ಮನನ್ನು ಅಲ್ಲಿಗೆ ಕರೆತಂದೆ. ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಆಕೆ ಎಷ್ಟೋ ಹೊತ್ತು ಹೊರಗೇ ಬರಲಿಲ್ಲ.

ಆಮೇಲೆ ನದಿಯಾಚೆಯ ಅರ್ಕನ್ಸಾ ರಾಜ್ಯದವರು ತಾವೂ ಕ್ಯಾಸಿನೊ ತೆರೆದರು. ಮೆಂಫಿಸ್‌ನವರಿಗೆ ಈಗ ನಮ್ಮ ತನಕ ಬರುವ ದರ್ದೇ ಇಲ್ಲ. ಸೇತುವೆ ದಾಟಿದರೆ ಅದೇ ಆಟ, ಅದೇ ಊಟ, ಹೊಸ ಕಾರ್ಪೆಟ್ಟು. ಅವರಿಗೆ ಹೊಂಡದ ನಾಟಕವೂ ಬೇಕಿರಲಿಲ್ಲ, ಒಣ ನೆಲದ ಮೇಲೆಯೇ ಕಟ್ಟಿಕೊಂಡರು. ಆ ಕಡೆ ಆಲಬಾಮಾದಿಂದ ಬರುತ್ತಿದ್ದ ಬಸ್ಸುಗಳೂ ನಿಂತವು. ನಮ್ಮ ಸಾಲಿನಲ್ಲಿದ್ದ ಕ್ಯಾಸಿನೊಗಳು ಒಂದೊಂದಾಗಿ ದೀಪ ಆರಿಸಿದವು. ಸಿಲ್ವರ್ ಹೆರಾನ್‌ನಲ್ಲಿ ದುಡ್ಡು ಹಾಕಿ ಆಡುವ ಜೂಜಿನ ಯಂತ್ರಗಳನ್ನು ಮಾತ್ರ ಉಳಿಸಿ ಟೇಬಲ್ ಆಟಗಳನ್ನು ಪೂರ್ತಿ ಮುಚ್ಚುವುದೋ ಹೇಗೆ ಎಂದು ನೋಡಲು ಲಾಸ್ ವೇಗಸ್‌ನಿಂದ ಕಂಪನಿಯವರು ಒಂದು ಭಾನುವಾರ ಬರುತ್ತಾರೆ ಎಂಬ ಸುದ್ದಿ ಬಂತು. ಐವತ್ತು ದಾಟಿದವಳು ನಾನು. ಎಲೆ ಹಂಚುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಟೇಬಲ್ ಹೋದರೆ ನಾನೂ ಹೋದಂತೆಯೇ.

ಟೇಬಲ್ಲುಗಳ ಮೇಲ್ವಿಚಾರಕ ಓಜೆಲ್ ಗಂಟೆಗೊಮ್ಮೆ ಬಂದು ಕೂತವರ ತಲೆ ಎಣಿಸುತ್ತಿದ್ದ. ಆ ಎಣಿಕೆ ನೇರ ವೇಗಸ್‌ಗೆ ಹೋಗುತ್ತಿತ್ತು. ಇದೇ ಓಜೆಲ್ ಭಾನುವಾರ ಬೆಳಿಗ್ಗೆ ನಮ್ಮ ಮೌಂಟ್ ಗಿಲ್ಯಡ್ ಚರ್ಚಿನಲ್ಲಿ ಪಾದ್ರಿಗಳಿಗೆ ನೆರವಾಗುವ ಡೀಕನ್ ಆಗಿ ಕಾಣಿಕೆ ತಟ್ಟೆ ಹಿಡಿಯುತ್ತಿದ್ದ. ಎರಡು ಕೆಲಸವೂ ಒಂದೇ ಎಂದು ನಾವು ರೇಗಿಸುತ್ತಿದ್ದೆವು. ಅವನಿಗೆ ಹೊಳೆದ ಉಪಾಯವೂ ಹಾಗೆಯೇ ಎರಡರ ನಡುವಿನದು. ಬುಧವಾರ ಬೈಬಲ್ ಪಾಠ ಮುಗಿದ ಮೇಲೆ ಎದ್ದು ನಿಂತು ರೆವರೆಂಡ್ ಪೆಟಸ್ ಅವರನ್ನು ಕೇಳಿಯೇಬಿಟ್ಟ.

"ಪಾದ್ರಿಗಳೇ, ಆ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ನಮ್ಮ ಕ್ಯಾಸಿನೊಗೆ ಬಂದು ಕೂತ್ಕೊಳ್ಳಿ. ಅವರಿಗೆ ಕುರ್ಚಿ ತುಂಬಿರೋದು ಕಾಣಬೇಕು, ಅಷ್ಟೆ."

ಪಾದ್ರಿಗಳು ಕನ್ನಡಕ ತೆಗೆದರು. ನಮ್ಮ ಕ್ಯಾಸಿನೊವನ್ನು 'ತೇಲುವ ನರಕ' ಎಂದು ವರ್ಷಗಟ್ಟಲೆ ಬೈದವರು ಅವರು. "ಓಜೆಲ್, ನೀನು ಡೀಕನ್ನೋ, ಸೈತಾನನ ದಲ್ಲಾಳಿಯೋ?"

"ಏನಾದ್ರೂ ಅಂದ್ಕೊಳ್ಳಿ. ಈ ಸೂರು ಹಾಕಿಸೋವಾಗ ಕಾಣಿಕೆ ಎಲ್ಲಿಂದ ಬಂತು ಅಂತ ನೀವೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ಪಾದ್ರಿಗಳ ಕಿವಿ ಕೆಂಪಾಯಿತು. ಆಗ ಮುಂದಿನ ಸಾಲಿನಿಂದ ದೊಡ್ಡಮ್ಮ ಎದ್ದಳು. ಆಕೆ ಚರ್ಚಿನ ಹಿರಿಯ ತಾಯಿ. ತಿಂಗಳ ಮೊದಲ ಭಾನುವಾರ ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟು ಅಲ್ಲಿ ಕೂರುವವಳು. ಕ್ಯಾಸಿನೊ ಬಂದಾಗಿನಿಂದ ಅದರ ಹೊಸ್ತಿಲು ತುಳಿದವಳಲ್ಲ. ನಾನು ಊಟ ಮರೆತು ಹೋದಾಗ ತಂದರೂ ಹೊರಗಿನ ಪಾರ್ಕಿಂಗ್‌ನಲ್ಲೇ ಕೊಟ್ಟು ಹೋಗುತ್ತಿದ್ದಳು.

"ನಾನು ಹೋಗ್ತೀನಿ," ಎಂದಳು. "ನನ್ನ ಮಗಳು ಅಲ್ಲಿ ನಿಂತು ನಿಂತು ಕಾಲು ಬಾವು ಬರಿಸ್ಕೊಂಡು ನನಗೆ ಮನೆ ಕಟ್ಟಿಸಿದಾಳೆ. ಆ ನೀರು ಕುಡಿಯೋಕೆ ನಾಚಿಕೆ ಆಗ್ಲಿಲ್ಲ, ಅಲ್ಲಿ ಹೋಗಿ ಕೂರೋಕೆ ಏನು ನಾಚಿಕೆ?"

ನಾನು ತಲೆ ತಗ್ಗಿಸಿದೆ. ಹೆಮ್ಮೆಯಾಯಿತು. ಹೌದು, ಆಗ ಹೆಮ್ಮೆಯೇ ಆಯಿತು.

ಆ ಭಾನುವಾರ ಚರ್ಚಿನ ವ್ಯಾನುಗಳು ಸಿಲ್ವರ್ ಹೆರಾನ್ ಬಾಗಿಲಿಗೆ ಬಂದು ನಿಂತಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೇರಳೆ, ಹಳದಿ, ಗಿಳಿಹಸಿರು ಟೋಪಿಗಳು, ಗರಿಗಳು, ಕೈಯಲ್ಲಿ ಬೀಸಣಿಗೆ. ಕ್ಯಾಸಿನೊದ ಗಿರಾಕಿ ಕಾರ್ಡು ಮಾಡಿಸಿಕೊಂಡರೆ ಊಟ ಬಿಟ್ಟಿ ಎಂದು ಯಾರೋ ಹೇಳಿದರು. ಇಡೀ ಸಭೆಯೇ ಸಾಲು ನಿಂತು ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಕೊಟ್ಟು ಕಾರ್ಡು ಮಾಡಿಸಿಕೊಂಡಿತು. ನಮ್ಮವರು ಬಿಟ್ಟಿ ಊಟ ಬೇಡ ಎನ್ನುವುದುಂಟೆ? ನಮ್ಮಲ್ಲಿ ಡೀಲರ್ ತನ್ನ ನೆಂಟರಿಗೆ ಎಲೆ ಹಂಚುವಂತಿಲ್ಲ. ಅದಕ್ಕೆ ಓಜೆಲ್ ದೊಡ್ಡಮ್ಮನನ್ನು ನನ್ನ ಎದುರಿನ ಟೇಬಲ್ಲಿನಲ್ಲಿ ಕೂರಿಸಿದ. ಜೊತೆಗೆ ಆಕೆಯ ಚರ್ಚಿನ ಗೆಳತಿ ಅರ್ನೆಟ್ಟಾ.

"ಇದನ್ನ ಆಡೋದು ಹೇಗೆ ಮಾರಾಯಾ?" ಎಂದು ದೊಡ್ಡಮ್ಮ ಆ ಟೇಬಲ್ಲಿನ ಡೀಲರನ್ನು ಕೇಳಿದಳು.

"ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು ಅಮ್ಮಾ, ದಾಟಬಾರದು. ಎಲೆ ಬೇಕಿದ್ರೆ ಬೆರಳಲ್ಲಿ ಟೇಬಲ್ ತಟ್ಟಿ."

"ಇಷ್ಟೇನಾ? ಇದಕ್ಕಾ ಪಾದ್ರಿಗಳು ಅಷ್ಟು ವರ್ಷ ಕಿರುಚಿದ್ದು?"

ಅರ್ನೆಟ್ಟಾ ಇಪ್ಪತ್ತು ಬಂದಾಗಲೇ "ಹಲ್ಲೆಲೂಯಾ" ಎಂದು ಕೂಗಿದಳು. ಬೇರೆ ಟೇಬಲ್ಲುಗಳಿಂದ "ಆಮೆನ್" ಬಂತು. ಪಾದ್ರಿಗಳು ಒಂದು ಮೂಲೆಯಲ್ಲಿ ಯಂತ್ರದ ಮುಂದೆ ಅದರತ್ತ ನೋಡದೆ ಕೂತಿದ್ದರು. ವೇಗಸ್‌ನವರು ನಗುತ್ತಾ ಓಡಾಡಿದರು. ಅವರಲ್ಲೊಬ್ಬ ಪಾದ್ರಿಗಳ ಕೈ ಕುಲುಕಿ, ಇಂಥ ಅಕ್ಕರೆಯ ಜನರನ್ನು ಎಲ್ಲಿಯೂ ಕಂಡಿಲ್ಲ ಎಂದ. ಓಜೆಲ್ ಕಣ್ಣೊರೆಸಿಕೊಂಡ.

ನಾನು ದೊಡ್ಡಮ್ಮನನ್ನೇ ನೋಡುತ್ತಿದ್ದೆ. ಆಕೆ ಗೆಲ್ಲುತ್ತಿದ್ದಳು. ಸಣ್ಣಪುಟ್ಟದ್ದೇ, ಆದರೆ ಬಿಡದೆ ಗೆಲ್ಲುತ್ತಿದ್ದಳು. ಹಣದ ಬದಲು ಕೊಡುವ ಬಣ್ಣದ ಬಿಲ್ಲೆಗಳನ್ನು ಮುಂದೆ ಜೋಡಿಸಿ, ಡೀಲರ್ ತನ್ನ ಎಲೆ ತಿರುಗಿಸುವಾಗ ಕೆಳತುಟಿ ಕಚ್ಚಿಕೊಂಡು ಮುಂದಕ್ಕೆ ಬಾಗುತ್ತಿದ್ದಳು. ಆ ಮುಖವನ್ನು ನಾನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಎಲ್ಲಿ ಎಂದು ಆಮೇಲೆ ಹೊಳೆಯಿತು. ವರ್ಷಗಟ್ಟಲೆ ನನ್ನ ಟೇಬಲ್ಲಿನ ಆಚೆ ಕೂತು ಮನೆಮಠ ಕಳೆದುಕೊಂಡ ಎಷ್ಟೋ ಮುಖಗಳು ಹಾಗೆಯೇ ಇದ್ದವು. ಛೆ, ಇವಳು ದೊಡ್ಡಮ್ಮ, ಇವಳಿಗೆಂಥದು ಎಂದು ಸುಮ್ಮನಾದೆ.

ಎರಡು ವಾರ ಕಳೆಯುವಷ್ಟರಲ್ಲಿ ನಮ್ಮನ್ನೆಲ್ಲ ಕರೆದು ತೀರ್ಮಾನ ಹೇಳಿದರು. ಜನ ಬಂದದ್ದನ್ನು ನೋಡಿದರಂತೆ, ಮನಸ್ಸು ತುಂಬಿತಂತೆ. ಆದರೆ ಅಷ್ಟು ಜನ ಸೇರಿಯೂ ಟೇಬಲ್ಲುಗಳು ಗಳಿಸಿದ್ದು ಡೀಲರುಗಳ ಸಂಬಳಕ್ಕೆ ಸಾಲದಾಯಿತಂತೆ. ಖಾಲಿ ಕುರ್ಚಿ ಇದ್ದಿದ್ದರೆ ಮುಂದೆ ತುಂಬಬಹುದು ಎಂಬ ಆಸೆಯಾದರೂ ಇರುತ್ತಿತ್ತು, ತುಂಬಿಯೂ ಹೀಗೆ ಎಂದ ಮೇಲೆ ಇನ್ನೇನು ಎಂದು ಆ ಮನುಷ್ಯ ಬಹಳ ಮರ್ಯಾದೆಯಿಂದ ವಿವರಿಸಿದ. ನಮ್ಮ ಬಡತನಕ್ಕೆ ನಾವೇ ಟೋಪಿ ತೊಡಿಸಿ, ಸಿಂಗರಿಸಿ, ವ್ಯಾನಿನಲ್ಲಿ ಕರೆತಂದು ತೋರಿಸಿದ್ದೆವು. ಮೊದಲು ಟೇಬಲ್ಲುಗಳು ಹೋದವು. ಚಳಿಗಾಲದೊಳಗೆ ಯಂತ್ರಗಳೂ ಹೋದವು. ಹೊಂಡದಲ್ಲಿ ಈಗ ಕಪ್ಪೆಗಳು ಕೂಗುತ್ತವೆ.

ಕಂಪನಿ ಹೋಗುವಾಗ ಕುರ್ಚಿ, ದೀಪ, ಅಡುಗೆಮನೆಯ ಪಾತ್ರೆಗಳ ಜೊತೆ ಗಿರಾಕಿಗಳ ಹೆಸರು ವಿಳಾಸಗಳನ್ನೂ ನದಿಯಾಚೆಯವರಿಗೆ ಮಾರಿತು. ನಮಗೆ ಅದು ತಿಳಿದದ್ದು ದೊಡ್ಡಮ್ಮನ ಹುಟ್ಟಿದ ದಿನ. ಆ ದಿನ ನಾನು ಕೆಲಸ ಹುಡುಕಲು ಹೋಗಿದ್ದವಳು ಮರೆತೇಬಿಟ್ಟಿದ್ದೆ. ಸಂಜೆ ಬಂದರೆ ಆಕೆ ಹೊಳೆಯುವ ಶುಭಾಶಯ ಪತ್ರವೊಂದನ್ನು ಫ್ರಿಜ್ಜಿಗೆ ಅಂಟಿಸಿದ್ದಳು.

"ನೋಡೇ, ಅರ್ಕನ್ಸಾದವರು ಕಳಿಸಿದಾರೆ. ಮಿಸ್ ಲುವೀನಿಯಾ ಅಂತ ಹೆಸರು ಬರೆದು! ಊಟ ಫ್ರೀ ಅಂತೆ. ಬಸ್ಸು ನಮ್ಮ ಚರ್ಚಿನ ಮುಂದೇನೇ ಬರುತ್ತಂತೆ."

"ದೊಡ್ಡಮ್ಮ, ಅದು ಎಲ್ಲರಿಗೂ ಕಳಿಸ್ತಾರೆ."

"ಎಲ್ಲರೂ ಇವತ್ತೇ ಹುಟ್ಟಿದ್ರಾ?"

ಹೀಗೆ ಶುರುವಾಯಿತು. ಊಟಕ್ಕೆ ಹೋಗುತ್ತೇನೆ ಎಂದು ಅರ್ನೆಟ್ಟಾ ಜೊತೆ ಹೋದಳು. ಮುಂದಿನ ವಾರ ಮತ್ತೆ ಊಟಕ್ಕೆ. ಬೇರೆಯವರು ಕರಿದ ಮೀನನ್ನು ಮೂಸಿ ನೋಡಿ ತಳ್ಳುವ ಹೆಂಗಸು! "ಅಲ್ಲಿನ ಕ್ಯಾಟ್‌ಫಿಶ್ ಅಷ್ಟು ರುಚಿನಾ?" ಎಂದು ಕೇಳಿದರೆ, "ನಿನ್ನದಕ್ಕಿಂತ ಪರವಾಗಿಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಮೇಲೆ ಒಂದು ತಿಂಗಳ ಮೊದಲ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಉಡುಪು ಹ್ಯಾಂಗರಿನಲ್ಲೇ ಉಳಿಯಿತು. ಚರ್ಚಿನ ಮುಂದೆ ಬಸ್ಸು ಹತ್ತುವವರು ಬರೇ ಅವರಿಬ್ಬರಲ್ಲ. ಪಾದ್ರಿಗಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ಏನೆಂದಾರು? ದಾರಿ ತೋರಿಸಿದವರ ಸಾಲಿನಲ್ಲಿ ಅವರೂ ಇದ್ದರಲ್ಲ.

ಒಂದು ದಿನ ಅಂಗಡಿಯಲ್ಲಿ ಶವಸಂಸ್ಕಾರದವರ ಏಜೆಂಟು ಸಿಕ್ಕ. ನಮ್ಮಲ್ಲಿ ಎಷ್ಟೇ ಗತಿಗೇಡಿಗಳಾದರೂ ಸಾಯುವ ದಿನದ ಖರ್ಚಿಗೆಂದು ಮಣ್ಣಿನ ವಿಮೆ ಕಟ್ಟುತ್ತಾರೆ. ಹೊಟ್ಟೆಗಿಲ್ಲದಿದ್ದರೂ ಸರಿ, ಒಳ್ಳೆಯ ಪೆಟ್ಟಿಗೆಯಲ್ಲಿ ಮಲಗಿ, ಹಾಡು ಹೇಳಿಸಿಕೊಂಡು ಹೋಗಬೇಕು. ದೊಡ್ಡಮ್ಮ ಹತ್ತಿ ಬಿಡಿಸುವ ಕಾಲದಿಂದ ಅದನ್ನು ಬಿಡದೆ ಕಟ್ಟಿದವಳು. ಏಜೆಂಟು ತಲೆ ಕೆರೆದುಕೊಂಡು, "ನಿಮ್ಮ ದೊಡ್ಡಮ್ಮ ಕಟ್ಟಿದ ದುಡ್ಡನ್ನ ವಾಪಸ್ ತಗೊಂಡ್ರಲ್ಲಮ್ಮ. ನಿಮಗೆ ಗೊತ್ತಿರಬೇಕು ಅಂದ್ಕೊಂಡೆ," ಎಂದ.

ಮನೆಗೆ ಬಂದು ರೇಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ದೊಡ್ಡಮ್ಮ ಸೊಪ್ಪು ಸೋಸುತ್ತಾ ಕೂತಿದ್ದಳು, ತಲೆಯೆತ್ತಲಿಲ್ಲ. ನಾನು ಸುಸ್ತಾಗಿ ಕೂತ ಮೇಲೆ ಮೆಲ್ಲಗೆ ಮಾತಾಡಿದಳು.

"ನೀನು ಯಾವಾಗಲೂ ಟೇಬಲ್ಲಿನ ಆ ಕಡೆ ನಿಂತೋಳು ವರ್ಲೀನ್, ನಿಂಗೆ ಗೊತ್ತಾಗಲ್ಲ. ಎಲೆ ತಿರುಗೋಕೆ ಮುಂಚೆ ಒಂದು ಗಳಿಗೆ ಇರುತ್ತೆ. ಆಗ ಏನು ಬೇಕಾದ್ರೂ ಆಗಬಹುದು. ಇಷ್ಟು ವರ್ಷ ಬದುಕಿದೆನಲ್ಲ, ನಾಳೆ ಏನಾಗುತ್ತೆ ಅಂತ ನನಗೆ ಇವತ್ತೇ ಗೊತ್ತಿರ್ತಿತ್ತು. ಅಂಥ ಗಳಿಗೆ ನನ್ನ ಪಾಲಿಗೆ ಒಂದೂ ಬಂದಿರ್ಲಿಲ್ಲ."

"ಕೊನೆಗೆ ಮಣ್ಣಿಗೆ ಹಾಕೋಕೂ ಏನೂ ಇಲ್ವಲ್ಲ ದೊಡ್ಡಮ್ಮ!"

"ನೀನಿದ್ದೀಯಲ್ಲ," ಎಂದಳು.

ಕೋಪವೆಲ್ಲ ಇಳಿದುಹೋಯಿತು. ಆಕೆಯನ್ನು ಆ ಬಸ್ಸಿನಿಂದ ಇಳಿಸಬೇಕು, ಬೇರೇನೂ ಬೇಡ ಎಂದು ನಿಶ್ಚಯಿಸಿದೆ. ಕೆಲಸ ಹೋದದ್ದಕ್ಕೆ ಅಳುವುದು ಅಂದಿಗೇ ಮುಗಿಯಿತು.

ದಾರಿಯೊಂದು ತಾನಾಗಿ ಕಂಡಿತು. ನದಿಯಾಚೆಯವರು ಅನುಭವದ ಡೀಲರುಗಳನ್ನು ತೆಗೆದುಕೊಳ್ಳುತ್ತಿದ್ದಾರೆಂದು ಓಜೆಲ್ ಹೇಳಿದ. ಅವನು ಆಗಲೇ ಅಲ್ಲಿ ಸೇರಿಬಿಟ್ಟಿದ್ದ, ಅದೂ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ನಮಸ್ಕಾರ ಹೇಳುವ ಕೆಲಸಕ್ಕೆ. ನಮ್ಮ ಅನ್ನ ಕಿತ್ತುಕೊಂಡವರ ಮನೆಗೆ ಬೇಡಲು ಹೋಗುವುದೇ ಎಂದು ನಾನು ಅಲ್ಲಿಯ ತನಕ ಅತ್ತ ತಲೆ ಹಾಕಿರಲಿಲ್ಲ. ಓಜೆಲ್ ಮಾತಿನ ನಡುವೆ ಇನ್ನೊಂದು ಹೇಳಿದ. "ಅಲ್ಲಿ ಒಂದು ಕಾಟ ಇದೆ ಮಾರಾಯ್ತಿ. ಕೆಲಸದವರ ಜೊತೆ ಒಂದೇ ಮನೇಲಿರೋ ಯಾರೂ ಅಲ್ಲಿ ಆಡಂಗಿಲ್ಲ. ಬಾಗಿಲಲ್ಲೇ ತಡೀತಾರೆ. ನನ್ನ ಹೆಂಡ್ತಿ ಬೈತಾ ಇದಾಳೆ."

ನಾನು ಅವತ್ತೇ ಹೋದೆ. ಎಲೆ ಹಂಚಿ ತೋರಿಸಿದೆ, ಬಿಲ್ಲೆ ಎಣಿಸಿ ತೋರಿಸಿದೆ, ತೆಗೆದುಕೊಂಡರು. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದಾಗ ಲುವೀನಿಯಾ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಕೆಲಸ ಸಿಕ್ಕಿದ್ದಕ್ಕಲ್ಲ, ಆ ಹೆಸರು ಅಲ್ಲಿ ದಾಖಲಾದದ್ದಕ್ಕೆ ಕಾರಿನಲ್ಲಿ ಕೂತು ದೇವರಿಗೆ ಕೈಮುಗಿದೆ. ಹೆದ್ದಾರಿಯುದ್ದಕ್ಕೂ ಹಾಡುತ್ತಾ ಬಂದೆ.

ಅಡುಗೆಮನೆಯಲ್ಲಿ ದೊಡ್ಡಮ್ಮ ಬಾಣಲೆಯಲ್ಲಿ ಬೇಯಿಸುವ ದಪ್ಪ ಮೆಕ್ಕೆಜೋಳದ ರೊಟ್ಟಿಗೆ ಹಿಟ್ಟು ಕಲೆಸುತ್ತಿದ್ದಳು. ಹೇಳಿದೆ. ನಿಯಮ ಹೇಳುವಾಗ ದನಿಯಲ್ಲಿ ಸಂತೋಷ ಬರದಂತೆ ನೋಡಿಕೊಂಡೆ.

"ಏನು ಮಾಡೋದು ದೊಡ್ಡಮ್ಮ, ಬೇರೆ ಕೆಲಸ ಎಲ್ಲೂ ಇಲ್ಲ. ನೀನು ಇನ್ಮೇಲೆ ಅಲ್ಲಿ ಆಡೋ ಹಾಗಿಲ್ಲ."

"ಯಾಕೆ?"

"ನನ್ನ ಮನೇಲಿರೋಳಲ್ವಾ ನೀನು. ಮನೆಯವರಿಗೆ ಆಟ ಇಲ್ಲ."

"ಓ," ಎಂದಳು. ಹಿಟ್ಟನ್ನು ಬಾಣಲೆಗೆ ಸುರಿದು ಓವನ್ನಿನೊಳಗಿಟ್ಟಳು. ಕೈ ತೊಳೆದಳು. ನಲ್ಲಿಯನ್ನು ಭದ್ರವಾಗಿ ತಿರುಗಿಸಿ ನಿಲ್ಲಿಸಿದಳು. ಊಟಕ್ಕೆ ಕೂತಾಗ ನನಗೆ ರೊಟ್ಟಿಯ ಅಂಚಿನ ಗರಿಗರಿ ತುಂಡನ್ನೇ ಮುರಿದು ಹಾಕಿದಳು. ಒಪ್ಪಿಕೊಂಡಳು ಎಂದುಕೊಂಡೆ. ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ತರಬೇತಿಯ ವಾರ ಮುಗಿಸಿ ಒಂದು ಮಧ್ಯಾಹ್ನ ಬಂದರೆ ಮನೆ ಬಾಗಿಲಿಗೆ ಬೀಗ. ಒಳಗೆ ದೊಡ್ಡಮ್ಮನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಿದೆ. ಬಟ್ಟೆ ಇಲ್ಲ, ಬೈಬಲ್ ಇಲ್ಲ, ರೊಟ್ಟಿ ಮಾಡುವ ಕಬ್ಬಿಣದ ಬಾಣಲೆಯೂ ಇಲ್ಲ. ಅರ್ನೆಟ್ಟಾ ಇರುವುದು ಹೆದ್ದಾರಿಯ ಪಕ್ಕದ ಹಳೆಯ ತಗಡಿನ ಟ್ರೇಲರ್ ಮನೆಯಲ್ಲಿ. ಅಲ್ಲಿಗೇ ಹೋಗಿರಬೇಕು ಎಂದು ಓಡಿದೆ. ದೊಡ್ಡಮ್ಮ ಅದರ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಬಾ, ಮನೆಗೆ ಹೋಗೋಣ."

"ನಾನಿಲ್ಲೇ ಇರ್ತೀನಿ ಕಣೇ. ಅರ್ನೆಟ್ಟಾಗೆ ಮಂಡಿ ನೋವು, ಒಬ್ಬಳೇ ಇದಾಳೆ."

"ಸುಳ್ಳು ಹೇಳಬೇಡ ದೊಡ್ಡಮ್ಮ! ನಿನಗೇ ಅಂತ ಕಟ್ಟಿಸಿದ ಮನೆ ಅದು."

"ಗೊತ್ತು," ಎಂದಳು. ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. "ನೀನು ಒಳ್ಳೆಯವಳು. ಹೋಗು, ಕೆಲಸಕ್ಕೆ ಹೊತ್ತಾಗುತ್ತೆ."

ಅಂಗಲಾಚಿದೆ. ಕೈ ಹಿಡಿದು ಎಳೆದೆ. ಅರ್ನೆಟ್ಟಾ ಕಿಟಕಿಯಿಂದ, "ಅವಳನ್ನ ಬಿಡು ವರ್ಲೀನ್, ಚಿಕ್ಕ ಮಗುನಾ ಅವಳು?" ಎಂದಳು. ಬರಿಗೈಯಲ್ಲಿ ಬಂದೆ.

ಅದಾದ ಮೇಲಿನ ಶನಿವಾರ ಮಧ್ಯಾಹ್ನ, ನದಿಯಾಚೆಯ ಹೊಸ ಕಾರ್ಪೆಟ್ಟಿನ ಮೇಲೆ ನಿಂತು ಎಲೆ ಹಂಚುತ್ತಿದ್ದೆ. ಅಲ್ಲಿ ಖಾಲಿ ಟೇಬಲ್ಲೆಂಬುದೇ ಇಲ್ಲ. ಒಂದು ಕುರ್ಚಿ ತೆರವಾಯಿತು. ದೊಡ್ಡಮ್ಮ ಬಂದು ಕೂತಳು. ಕೂತ ಮೇಲೆ ಡೀಲರ್ ಯಾರೆಂದು ಕಂಡಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಆದರೆ ಬೇರೆಲ್ಲೂ ಜಾಗವಿರಲಿಲ್ಲ. ಕೈಚೀಲ ತೆರೆದು ಹಣ ಟೇಬಲ್ಲಿನ ಮೇಲಿಟ್ಟಳು.

ನಾನು ಮೇಲ್ವಿಚಾರಕನನ್ನು ಕರೆದೆ. ಬಿಳಿಯ ಹುಡುಗ, ಮೆದು ಮಾತಿನವನು. "ಇವರು ನಮ್ಮ ಮನೆಯವರು. ಇವರು ಆಡೋ ಹಾಗಿಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

ಅವನು ದೊಡ್ಡಮ್ಮನತ್ತ ಬಾಗಿ, "ಕ್ಷಮಿಸಿ ಅಮ್ಮಾ, ಈ ಡೀಲರ್ ನಿಮಗೆ ಏನಾಗಬೇಕು?" ಎಂದ.

ದೊಡ್ಡಮ್ಮ ಹೊಸ ಗುರುತಿನ ಕಾರ್ಡು ತೆಗೆದು ಕೊಟ್ಟಳು. ಅದರಲ್ಲಿ ಅರ್ನೆಟ್ಟಾಳ ವಿಳಾಸವಿತ್ತು. "ನಾನಿರೋದು ಇಲ್ಲಿ ನೋಡಪ್ಪ. ಈ ಹುಡುಗಿ ನಮ್ಮ ಚರ್ಚಿನೋಳು, ಮುಖ ಪರಿಚಯ ಇದೆ. ನನಗೆ ಮಕ್ಕಳಿಲ್ಲ."

ಸುಳ್ಳೇನಲ್ಲ. ಆಕೆ ಯಾರನ್ನೂ ಹೆತ್ತವಳಲ್ಲ. ಆ ಹುಡುಗ ಕಾರ್ಡನ್ನು ನೋಡಿದ, ನನ್ನನ್ನು ನೋಡಿದ. ನಾನು ಇನ್ನೊಂದು ಮಾತು ಆಡಬಹುದಿತ್ತು. ದೊಡ್ಡಮ್ಮ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಜನ್ಮದಲ್ಲಿ ಯಾರನ್ನೂ ಏನೂ ಬೇಡದವಳು ಹಾಗೆ ಬೇಡುವುದನ್ನು ನಾನು ಕಂಡಿರಲಿಲ್ಲ.

"ಹೌದು," ಎಂದೆ. "ಚರ್ಚಿನವರು. ನಾನೇ ತಪ್ಪು ತಿಳ್ಕೊಂಡೆ."

ಅವನು ಕಾರ್ಡು ಮರಳಿಸಿ ಹೋದ. ನಾನು ಎಲೆ ಹಾಕಿದೆ. ದೊಡ್ಡಮ್ಮ ಬೆರಳಲ್ಲಿ ತಟ್ಟಿ ಇನ್ನೊಂದು ಕೇಳಿದಳು, ಹಾಕಿದೆ. ನನ್ನ ಎಲೆ ತಿರುಗಿಸುವಾಗ ಆಕೆ ಕೆಳತುಟಿ ಕಚ್ಚಿಕೊಂಡು ಮುಂದಕ್ಕೆ ಬಾಗಿದಳು. ಗೆದ್ದಳು. ಗೆದ್ದದ್ದರಲ್ಲಿ ಒಂದು ಬಿಲ್ಲೆಯನ್ನು, ಗುರುತಿಲ್ಲದ ಡೀಲರಿಗೆ ಎಲ್ಲರೂ ಕೊಡುವ ಹಾಗೆ, ನನ್ನತ್ತ ತಳ್ಳಿ, "ಇದು ನಿನಗಮ್ಮ," ಎಂದಳು.

ನಾನು ಆ ಬಿಲ್ಲೆಯನ್ನು ಭಕ್ಷೀಸಿನ ಡಬ್ಬಿಗೆ ಹಾಕಿ, ಕೆಲಸಕ್ಕೆ ಸೇರುವಾಗ ಹೇಳಿಕೊಟ್ಟಿದ್ದಂತೆ, "ಥ್ಯಾಂಕ್ಯೂ ಮೇಡಂ, ಚೆನ್ನಾಗಿ ಆಡಿ," ಎಂದೆ.